ಹನ್ನೆರಡನೆಯ ಹುಣ್ಣಿಮೆ

ಮೊಹರಿನ ತಾರೀಖು ಬದಲಿಸುವಾಗ ಪುಷ್ಪಲತಾಳ ಕೈ ಇವತ್ತು ಸ್ವಲ್ಪ ತಪ್ಪಿತು. ದಿನಾ ಬೆಳಿಗ್ಗೆ ಮಾಡುವ ಕೆಲಸ ಅದು. ಮಾದಿಹಳ್ಳಿಯ ಅಂಚೆ ಕಚೇರಿ ಅಂದರೆ ಒಂದು ಕೋಣೆ, ಒಂದು ಮೇಜು, ಗೋಡೆಗೆ ಒರಗಿಸಿದ ಬೀರು. ಕಚೇರಿಯ ಬಾಗಿಲು ತೆಗೆದು, ಕಸ ಗುಡಿಸಿ, ಊದಿನಕಡ್ಡಿ ಹಚ್ಚಿ, ಚಿಮುಟದಿಂದ ನಿನ್ನೆಯ ಅಂಕಿಯ ಅಚ್ಚು ತೆಗೆದು ಇವತ್ತಿನದನ್ನು ಕೂರಿಸಿ, ಪುಸ್ತಕದಲ್ಲಿ ಒಂದು ಸಲ ಒತ್ತಿ ನೋಡಬೇಕು. ಏಳು ವರ್ಷದಿಂದ ಕಣ್ಣು ಮುಚ್ಚಿಕೊಂಡು ಮಾಡಿದ್ದಾಳೆ. ಇವತ್ತು ಅಂಕಿ ತಲೆಕೆಳಗಾಗಿ ಕೂತಿತು. ತೆಗೆದು ಮತ್ತೆ ಕೂರಿಸುವಾಗ ತನ್ನ ಮೇಲೆ ತನಗೇ ನಗು ಬಂತು. ನಾಡಿದ್ದು ಹುಣ್ಣಿಮೆ, ಹನ್ನೆರಡನೆಯದು, ಕೊನೆಯದು. ಅದೊಂದು ಕಳೆದರೆ ಗಂಡ ಚನ್ನೇಶನ ಹರಕೆ ತೀರಿತು. ಮುಂದಿನ ತಿಂಗಳು ಈ ಹೊತ್ತಿಗೆ ಅವನು ಪಡಸಾಲೆಯ ಕಂಬಳಿ ಬಿಟ್ಟು ಕೋಣೆಯೊಳಗೆ ಮಲಗುತ್ತಾನೆ, ಯಾವ ನೇಮವೂ ಇಲ್ಲದ ಗಂಡನಾಗಿ. ಮೂವತ್ತಾರು ವರ್ಷದ ಹೆಂಗಸು, ಸರ್ಕಾರದ ಮೊಹರು ಹಿಡಿದವಳು, ಗಂಡ ಪಕ್ಕದಲ್ಲಿ ಮಲಗುತ್ತಾನೆ ಅಂತ ಹೀಗೆ ಅಂಕಿ ತಲೆಕೆಳಗು ಕೂರಿಸಿದರೆ ನೋಡಿದವರು ಏನಂದಾರು.

ನೋಡುವವರು ಹನುಮಯ್ಯ ಒಬ್ಬರೇ. ಟಪಾಲು ಹಂಚುವ ಹನುಮಯ್ಯ ಹತ್ತೂವರೆಗೆ ಚೀಲ ತಂದು ಬಿಚ್ಚಿ, ತಮ್ಮ ಪಾಲಿನ ಕಾಗದ ಜೋಡಿಸಿಕೊಂಡು ಸೈಕಲ್ ಹತ್ತಿದರೆ ಸಂಜೆಗೇ ಕಾಣುವುದು. ಎರಡು ತಿಂಗಳಿಗೊಮ್ಮೆ, ‘ಮೇಡಂ, ನಿಮ್ದೇ ಒಂದು ಪಾರ್ಸಲ್ ಐತೆ’ ಅಂತ ಮೇಜಿನ ಮೇಲಿಟ್ಟು ಬೇರೆ ಕಡೆ ನೋಡುತ್ತಾರೆ. ಮುಖಕ್ಕೆ ಹಚ್ಚುವ ಕ್ರೀಮೋ ಏನೋ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಹಳೇಬೀಡಿನ ಮನೆಯ ವಿಳಾಸ ಕೊಟ್ಟಿದ್ದರೆ ಅತ್ತೆ ಸುಮಿತ್ರಮ್ಮ ಕತ್ತರಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಆನ್‌ಲೈನಿನಲ್ಲಿ ಐವತ್ತರ ಕಟ್ಟು ತರಿಸಿಕೊಂಡ, ಗರ್ಭ ನಿಲ್ಲುವ ದಿನ ಗೊತ್ತುಮಾಡುವ ಕಿಟ್ ಅವು, ಬೆರಳಗಲದ ಕಾಗದದ ಪಟ್ಟಿಗಳು. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ನೋಡಬೇಕು, ಅದಕ್ಕೆ ಮುಂಚೆ ಎರಡು ಗಂಟೆ ಹೆಚ್ಚು ನೀರು ಕುಡಿಯಬಾರದು. ಕಚೇರಿಯ ಹಿಂದಿನ ಕಕ್ಕಸಿನಲ್ಲಿ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ ಪಟ್ಟಿಯ ತುದಿ ಅದ್ದಿ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಐದು ನಿಮಿಷ ನಿಲ್ಲುವುದು. ಮೊದಲ ಗೆರೆ ಯಾವತ್ತೂ ಬರುತ್ತದೆ; ಕಿಟ್ ಕೆಟ್ಟಿಲ್ಲ ಅಂತ ಹೇಳಲಿಕ್ಕೆ ಮಾತ್ರ ಅದು. ಎರಡನೆಯದು ಮಸುಕಾಗಿ ಬಂದರೆ ಇನ್ನೂ ಹೊತ್ತಾಗಿಲ್ಲ. ಮೊದಲಿನಷ್ಟೇ ಗಾಢವಾಗಿ ಬಂದರೆ ಇವತ್ತು, ನಾಳೆ, ಬಹಳವೆಂದರೆ ನಾಡಿದ್ದು, ಅಷ್ಟರೊಳಗೆ ಗಂಡ ಹೆಂಡತಿ ಸೇರಬೇಕು. ಹೊರಗೆ ಯಾರೋ ‘ಮೇಡಂ ಇಲ್ವಾ?’ ಅಂತ ಕೂಗುತ್ತಿರುತ್ತಾರೆ, ಇವಳು ಒಳಗೆ ಗೆರೆಯೊಂದು ಮೂಡುವುದನ್ನು ಕಾಯುತ್ತಿರುತ್ತಾಳೆ. ಪಾಸ್‌ಬುಕ್ಕಿಗೆ ಸಹಿ ಹಾಕಿಸಲು ಬಂದ ಮುದುಕಿಗೆ ಈ ಮೇಡಂ ಒಳಗೆ ಏನು ಮಾಡುತ್ತಿದ್ದರು ಎಂದು ಗೊತ್ತಾಗಿಬಿಟ್ಟರೆ ಅನ್ನುವ ಭಯ ಅವಳಿಗೆ ಹೋಗಿಯೇ ಇಲ್ಲ.

ಇವತ್ತು ಒಂದು ಗಂಟೆಗೆ ನೋಡಿದಾಗ ಎರಡು ಗೆರೆಯೂ ಒಂದೇ ಬಣ್ಣ. ಎರಡನೆಯದು ಒಂದು ಕೈ ಮೇಲೆಯೇ. ಪ್ರತಿ ತಿಂಗಳೂ ಹಾಗೆ ಕಂಡ ಕೂಡಲೇ ಇನ್ನೊಂದು ತಿಂಗಳು ಹೋಯಿತು ಅಂತ ಸಂಕಟವಾಗುತ್ತಿತ್ತು, ಯಾಕೆಂದರೆ ಗಂಡ ಹೆಂಡತಿಯನ್ನು ಮುಟ್ಟದ ನೇಮದಲ್ಲಿರುತ್ತಿದ್ದ. ಇವತ್ತು ಆ ಸಂಕಟವಿಲ್ಲ. ಇದೊಂದು ಹೋಗಲಿ ಬಿಡು ಅಂದುಕೊಂಡಳು. ಪಟ್ಟಿಯನ್ನು ಕಿಟಕಿಯ ಬಿಸಿಲಿಗೆ ಒಣಗಿಸಿ, ಬೀರುವಿನ ಹಿಂದೆ ಬಚ್ಚಿಟ್ಟ ನೂರು ಪುಟದ ನೋಟ್‌ಬುಕ್ಕು ತೆಗೆದು, ಅಂಟುಪಟ್ಟಿ ಹಾಕಿ ಅಂಟಿಸಿ, ಪಕ್ಕದಲ್ಲಿ ಅಂಚೆಯ ಮೊಹರು ಒತ್ತಿದಳು. ತಪ್ಪು ಅದು. ಸರ್ಕಾರದ ಮೊಹರನ್ನು ಸ್ವಂತದ್ದಕ್ಕೆ ಒತ್ತಬಾರದು. ಮೊದಲ ಸಲ ಒತ್ತಿದ ದಿನ ಎರಡು ರಾತ್ರಿ ಇನ್ಸ್‌ಪೆಕ್ಟರ್ ಬಂದಂತೆ ಕನಸು ಬಿದ್ದಿತ್ತು. ಆಮೇಲೆ ಅಭ್ಯಾಸವಾಯಿತು. ಪೆನ್ನಿನಲ್ಲಿ ಬರೆದ ತಾರೀಖನ್ನು ಯಾರು ಬೇಕಾದರೂ ಸುಳ್ಳು ಅನ್ನಬಹುದು, ಇದನ್ನು ಅನ್ನುವಂತಿಲ್ಲ ಎಂಬ ಧೈರ್ಯ. ಯಾರು ಸುಳ್ಳು ಅನ್ನುತ್ತಾರೆ, ಯಾಕೆ ಅನ್ನುತ್ತಾರೆ ಅಂತ ಅವಳು ಕೇಳಿಕೊಂಡಿರಲಿಲ್ಲ.

ಹಿಂದೆ ಮಗುವಿಗಾಗಿ ತೋರಿಸಲು ಹೋದಾಗ ಹಾಸನದ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಇಬ್ಬರ ರಿಪೋರ್ಟೂ ಚೆನ್ನಾಗಿದೆ, ದಿನ ನೋಡಿಕೊಂಡು ಪ್ರಯತ್ನ ಮಾಡಿ, ವಯಸ್ಸು ಕಾಯುವುದಿಲ್ಲ ಅಂದಿದ್ದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಚನ್ನೇಶ ಕಡಲೆಕಾಯಿ ಕೊಡಿಸಿದ್ದ. ದಿನ ನೋಡೋದು ಹೆಂಗಂತೆ ಎಂದು ಕೇಳಿದ್ದ. ಅವಳು ಫೋನಿನಲ್ಲಿ ಚಿತ್ರ ತೋರಿಸಿ, ಈ ಗೆರೆ, ಆ ಗೆರೆ ಎಂದು ಬಿಡಿಸಿ ಹೇಳಿದ್ದಳು. ಕೊಬ್ಬರಿಯ ಬಣ್ಣ ನೋಡಿಯೇ ಎಷ್ಟು ಒಣಗಿದೆ ಅಂತ ಹೇಳುವವನಿಗೆ ಎರಡು ಗೆರೆ ಯಾವ ಮಹಾ. ಒಂದೇ ಸಲಕ್ಕೆ ಕಲಿತ. ಅವನು ಅಷ್ಟು ಬೇಗ ಕಲಿತನೆಂದು ಅವಳಿಗೆ ಆಗ ಎಷ್ಟು ಹೆಮ್ಮೆಯಾಗಿತ್ತು. ಮಾದಿಹಳ್ಳಿಯಿಂದ ಮೆಸೇಜು ಕಳಿಸುತ್ತಿದ್ದಳು, ಬರೀ ‘2’ ಅಂತ. ಅವನು ಹಳೇಬೀಡಿನ ಕೊಬ್ಬರಿ ಅಂಗಡಿಯಿಂದ ಒಂದು ಹೆಬ್ಬೆಟ್ಟಿನ ಗುರುತು ಕಳಿಸುತ್ತಿದ್ದ. ಆಮೇಲೆ ಆ ಹೆಬ್ಬೆಟ್ಟು ಬರುವುದು ತಡವಾಗುತ್ತ ಹೋಯಿತು. ಒಮ್ಮೆ ಅರಸೀಕೆರೆ ಮಂಡಿಯಲ್ಲಿ ಇದ್ದೀನಿ ಅಂದ, ಇನ್ನೊಮ್ಮೆ ಮೈಕೈ ನೋವು ಅಂದ. ಹೋದ ವರ್ಷ ಶಿವರಾತ್ರಿಗೆ ಮುಂಚೆ ಒಂದು ಮಧ್ಯಾಹ್ನ, ಸುಮಿತ್ರಮ್ಮ ಬೇಲೂರಿಗೆ ಗೃಹಪ್ರವೇಶಕ್ಕೆ ಹೋಗಿದ್ದಾಗ, ಇವಳು ಅರ್ಧ ದಿನ ರಜೆ ಹಾಕಿ ಬಂದು ಅಂಗಡಿಯಿಂದ ಅವನನ್ನು ಕರೆಸಿದ್ದಳು. ಊಟಕ್ಕೆ ಅಂತ ಹೇಳಿಯೇ ಕರೆಸಿದ್ದು. ಅವನು ಬಂದ, ತೋಳಿನ ತುಂಬ ಕೊಬ್ಬರಿಯ ಸಿಪ್ಪೆ ಧೂಳು, ತೊಳೆದುಕೊಳ್ಳಲೂ ಅವಳು ಪುರಸೊತ್ತು ಕೊಡಲಿಲ್ಲ. ಆಗಲಿಲ್ಲ ಅವನ ಕೈಲಿ. ಸುಮ್ಮನಿರಬಹುದಿತ್ತು. ತಲೆ ಸವರಿ, ಇರಲಿ ಬಿಡಿ, ಊಟ ಮಾಡಿ ಅನ್ನಬಹುದಿತ್ತು. ಅವಳು ಗೋಡೆಯ ಗಡಿಯಾರ ನೋಡಿದಳು, ಅವನು ಅದನ್ನು ನೋಡಿದ. ‘ತಿಂಗಳಿಗೆ ಒಂದು ದಿನ ಕೇಳಿದ್ದು ನಾನು. ಅದೂ ಆಗಲ್ವಾ ನಿಮ್ಮ ಕೈಲಿ?’ ಅಂದುಬಿಟ್ಟಳು. ಅವನು ಎದ್ದು ಅಂಗಿ ಹಾಕಿಕೊಂಡು, ಬಡಿಸಿದ ತಟ್ಟೆ ದಾಟಿ ಅಂಗಡಿಗೆ ಹೋದ. ಈ ಒಂದು ವರ್ಷದಲ್ಲಿ ಆ ಮಾತನ್ನು ಅವಳು ಎಷ್ಟು ಸಲ ನುಂಗಿಕೊಂಡಿದ್ದಾಳೋ ಲೆಕ್ಕವಿಲ್ಲ.

ತಿದ್ದಿಕೊಳ್ಳಬೇಕೆಂದೇ ಆಮೇಲೆ ಅವನಿಗೊಂದು ಚೀಟಿ ಬರೆದುಕೊಟ್ಟದ್ದು. ಹಠಾತ್ತನೆ ಕರೆಸಿದರೆ ಯಾವ ಗಂಡಸಿಗಾದರೂ ಮುಜುಗರವೇ, ಮುಂಚೆಯೇ ಗೊತ್ತಿದ್ದರೆ ಮನಸ್ಸು ತಯಾರಿರುತ್ತದೆ ಅಂತ ಯೋಚಿಸಿ, ಅಂಚೆಯ ಹಳೇ ಫಾರಮ್ಮಿನ ಹಿಂದೆ ಮುಂದಿನ ಹನ್ನೆರಡು ತಿಂಗಳಿಗೂ ಅಂದಾಜಿನ ದಿನ ಬರೆದು, ಸುತ್ತು ಹಾಕಿ, ಕೆಳಗೆ ತಮಾಷೆಗೆ ಮೊಹರೂ ಒತ್ತಿದ್ದಳು. ಅವನು ನಕ್ಕಿದ್ದ. ಸರ್ಕಾರಿ ಆರ್ಡರ್ ಆಯ್ತು ಬಿಡು ಅಂದು ಮಡಚಿ ಜೇಬಿಗಿಟ್ಟುಕೊಂಡಿದ್ದ. ಅದಾಗಿ ವಾರಕ್ಕೇ ಹಾರನಹಳ್ಳಿ ಕಡೆಯ ಗುಡ್ಡದ ಮಠಕ್ಕೆ ಹೋಗಿ ಬಂದು, ಮಗುವಿಗಾಗಿ ಹನ್ನೆರಡು ಹುಣ್ಣಿಮೆ ಸೇವೆ ಹೊತ್ತಿದ್ದೀನಿ ಅಂದ. ಹುಣ್ಣಿಮೆಗೆ ಮೂರು ದಿನ ಮುಂಚಿನಿಂದ ನೇಮ, ಹೆಂಡತಿಯ ಹಾಸಿಗೆ ಮುಟ್ಟುವಂತಿಲ್ಲ. ಹಿಂದಿನ ದಿನವೇ ಹೋಗಿ ಮಠದ ದಾಸೋಹದಲ್ಲಿ ಬಡಿಸಿ, ಗದ್ದುಗೆಗೆ ಪೂಜೆ ಮಾಡಿಸಿ, ಹುಣ್ಣಿಮೆಯ ಮಾರನೆಯ ದಿನ ಬರಬೇಕು. ಸುಮಿತ್ರಮ್ಮನ ಕಣ್ಣಲ್ಲಿ ನೀರು. ಪುಷ್ಪಲತಾಳ ಕಣ್ಣಲ್ಲೂ ನೀರು, ಹಂಗಿಸಿದ ಹೆಂಡತಿಗೋಸ್ಕರ ಕಂಬಳಿ ಮೇಲೆ ಮಲಗುತ್ತಾನಲ್ಲ ಅಂತ. ಆ ಹುಣ್ಣಿಮೆಗೆ ಎರಡು ದಿನ ಇರುವಾಗಲೇ ಎರಡು ಗೆರೆ ಕಂಡಾಗ, ಮುಂದಿನ ಹುಣ್ಣಿಮೆಗೂ ಹಾಗೇ ಆದಾಗ, ಅವಳು ತನ್ನ ಮೈಯನ್ನೇ ಬೈದುಕೊಂಡಳು. ಅವಳ ಮುಟ್ಟಿನ ತಿಂಗಳು ಒಮ್ಮೆ ಇಪ್ಪತ್ತೊಂಬತ್ತು, ಒಮ್ಮೆ ಮೂವತ್ತು ದಿನದ್ದು, ಚಂದ್ರನದೂ ಹತ್ತಿರ ಹತ್ತಿರ ಅಷ್ಟೇ. ಒಂದು ದಿನ ಹಿಂದೆ ಮುಂದೆ ಆದರೂ ನೇಮದ ಐದು ದಿನ ದಾಟುತ್ತಿರಲಿಲ್ಲ. ನಾಲ್ಕನೆಯ ತಿಂಗಳು ಸಂಕೋಚ ಬಿಟ್ಟು, ಇದೊಂದು ಸಲ ನೇಮ ಬಿಡಲಾಗುತ್ತದಾ ಅಂತ ಕೇಳಿದ್ದಳು. ಹರಕೆ ಮುರಿದು ಹುಟ್ಟಿದ ಮಗುವಿಗೆ ನಾಳೆ ಏನಾದರೂ ಆದರೆ ನೀನು ಜವಾಬ್ದಾರಿಯಾ ಅಂತ ಅವನು ಮೆತ್ತಗೆ ಕೇಳಿದ. ಅವಳು ನಾಚಿಕೊಂಡು ಕ್ಷಮಿಸಿ ಅಂದಳು. ಬೀದಿಯವರು ಬೇರೆ, ಎಂಥ ಗಂಡ ಸಿಕ್ಕಿದ್ದಾನೆ ನಿಂಗೆ ಅನ್ನುತ್ತಿದ್ದರು.

ಎರಡು ಗಂಟೆಯ ಹೊತ್ತಿಗೆ ಏಕಾಂತಯ್ಯನವರು ಬಂದರು. ಗುಡ್ಡದ ಮಠದ ಬರವಣಿಗೆ, ಸೇವೆಯ ಪಟ್ಟಿ ಎಲ್ಲ ಅವರದೇ. ಮನೆ ಮಾತ್ರ ಮಾದಿಹಳ್ಳಿಯಲ್ಲಿ. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಕಟ್ಟು. ಅರಸೀಕೆರೆಯಲ್ಲಿ ಸಾಲು ನಿಲ್ಲಬೇಕು, ಇಲ್ಲಾದರೆ ನಮ್ಮ ಭಕ್ತರ ಮನೆಯ ಹೆಣ್ಣುಮಗಳೇ ಇದ್ದಾರೆ ಅಂತ ಇಲ್ಲಿಗೇ ತಂದೆ ಅಂದರು. ಬರುವ ವರ್ಷದ ಸೇವಾಕರ್ತರಿಗೆ ಮಠದಿಂದ ಕಳಿಸುವ ಕಾರ್ಡುಗಳು, ಐವತ್ತೋ ಅರವತ್ತೋ. ಅವಳು ಕುರ್ಚಿ ಹಾಕಿಕೊಟ್ಟು, ಸ್ಟಾಂಪು ಹಚ್ಚಿದೆಯೇ ಅಂತ ನೋಡುತ್ತ ಒಂದೊಂದಾಗಿ ಮೊಹರು ಒತ್ತತೊಡಗಿದಳು. ಅಯ್ಯನವರು ಚನ್ನೇಶನನ್ನು ಹೊಗಳುತ್ತಿದ್ದರು. ದಾಸೋಹದಲ್ಲಿ ಅವರ ಹಾಗೆ ಬಡಿಸುವವರಿಲ್ಲ, ಊಟ ಮುಗಿದ ಮೇಲೆ ಕಲ್ಲುಬೆಂಚಿನ ಮೇಲೆ ಕೂತು ಎಲ್ಲರ ಜೊತೆ ಎಷ್ಟು ನಗುತ್ತಾರೆ ಎಂದು. ನಗುತ್ತಾನೆ ಅನ್ನುವ ಸುದ್ದಿ ಅವಳಿಗೆ ಹೊಸದು. ಇಪ್ಪತ್ತೋ ಇಪ್ಪತ್ತೊಂದನೆಯದೋ ಕಾರ್ಡಿಗೆ ಮೊಹರು ಒತ್ತಿ ಪಕ್ಕಕ್ಕಿಡುವಾಗ ಹೆಸರು ಕಣ್ಣಿಗೆ ಬಿತ್ತು. ಎರಡನೆಯ ವರ್ಷದ ಹುಣ್ಣಿಮೆ ಸೇವೆಗೆ ಹೆಸರು ಕೊಟ್ಟಿರುವ ಶರಣ ಚನ್ನೇಶ್, ಹಳೇಬೀಡು.

ಇದರಲ್ಲೇನೋ ತಪ್ಪಾಗಿದೆ, ಅವರದು ಈ ಹುಣ್ಣಿಮೆಗೆ ಮುಗಿಯುತ್ತದೆ ಅಂದಳು. ಅಯ್ಯನವರು ಕಾರ್ಡು ತೆಗೆದುಕೊಂಡು ಕನ್ನಡಕ ಏರಿಸಿ ನೋಡಿ, ಇಲ್ಲ, ಹೋದ ತಿಂಗಳೇ ಅವರಾಗಿ ಬಂದು ಇನ್ನೊಂದು ವರ್ಷಕ್ಕೆ ಬರೆಸಿದರು ಅಂದರು. ಅವಳು ಕಾರ್ಡು ವಾಪಸು ತೆಗೆದುಕೊಂಡು ಇನ್ನೊಮ್ಮೆ ಓದಿದ್ದನ್ನು ಭಕ್ತಿ ಅಂದುಕೊಂಡರೋ ಏನೋ, ಮುಖ ಅರಳಿಸಿಕೊಂಡು ಮುಂದುವರಿಸಿದರು.

‘ಸಂತಾನದ ಹರಕೆಗೆ ನಮ್ಮ ಮಠದಲ್ಲಿ ಅಮಾವಾಸ್ಯೆನೇ, ತಾಯಿ. ಮೊದಲು ಹಂಗೇ ಬರ್ಕೊಂಡಿದ್ದೆ. ನಿಮ್ ಯಜಮಾನ್ರು ಜೇಬಿಂದ ಚೀಟಿ ತೆಗೆದು, ಬೆರಳಿಟ್ಟು ನೋಡಿ, ಪಂಚಾಂಗ ಇಸ್ಕೊಂಡು ತಾಳೆ ಹಾಕಿ, ಈ ದಿನಗಳಿಗೆ ಹುಣ್ಣಿಮೆನೇ ಕೂಡಿ ಬರ್ತೈತೆ, ಹುಣ್ಣಿಮೆ ಮಾಡ್ಕೊಡಿ ಅಂದ್ರು. ನೀವೇ ದಿನ ಗುರುತು ಹಾಕಿ ಕೊಟ್ಟಿದ್ರಂತಲ್ಲ. ಈ ಮೊಹರೇ ಬಿದ್ದಿತ್ತು ಅದರ ಮೇಲೆ, ನೋಡ್ದೆ.’

‘ಹೌದು,’ ಅಂದಳು ಪುಷ್ಪಲತಾ. ‘ನಾನೇ ಬರ್ಕೊಟ್ಟಿದ್ದು.’

ಉಳಿದ ಕಾರ್ಡುಗಳಿಗೂ ಮೊಹರು ಒತ್ತಿದಳು. ಒಂದೂ ವಾರೆಯಾಗಲಿಲ್ಲ. ಗಂಡನ ಕಾರ್ಡನ್ನು ತಾನೇ ಮನೆಗೆ ಒಯ್ಯುತ್ತೇನೆ ಅಂದಾಗ ಅಯ್ಯನವರು ನಕ್ಕು, ಒಳ್ಳೆಯದೇ ಆಯಿತು ಅಂದು ಹೋದರು. ಆಮೇಲೆ ಮೇಜಿನ ಮುಂದೆ ಎಷ್ಟು ಹೊತ್ತು ಕೂತಿದ್ದಳೋ. ಅಳು ಬರಲಿಲ್ಲ. ಮೈಯೆಲ್ಲ ಬಿಸಿಯಾಗಿತ್ತು, ಜನರ ಮಧ್ಯೆ ಸೀರೆ ಜಾರಿದವಳ ಹಾಗೆ. ಅವನಿಗೆ ಬೇರೆ ಹೆಂಗಸಿದ್ದಾಳೆ ಅಂದಿದ್ದರೆ ಜಗಳವಾಡಬಹುದಿತ್ತು, ತವರಿಗೆ ಹೋಗಬಹುದಿತ್ತು, ನಾಲ್ಕು ಜನ ಅವಳ ಕಡೆ ಮಾತಾಡುತ್ತಿದ್ದರು. ಇದಕ್ಕೆ ಯಾರ ಹತ್ತಿರ ಹೋಗಿ ಏನು ಹೇಳುವುದು? ನನ್ನ ಗಂಡ ನನಗೆ ಮಗುವಾಗಲೆಂದು ಹರಕೆ ಹೊತ್ತು ಮೋಸ ಮಾಡಿದ ಅನ್ನುವುದೇ? ನಂಬುವವರಿರಲಿ, ಅರ್ಥ ಮಾಡಿಕೊಳ್ಳುವವರು ಇದ್ದಾರೆಯೇ? ಹನ್ನೊಂದು ತಿಂಗಳು ಅವಳು ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾಗ, ಎರಡನೆಯ ಗೆರೆ ಇವತ್ತು ಮೂಡುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು, ಅಂಗಡಿಯಲ್ಲಿ ಕೂತು ಕೊಬ್ಬರಿ ತೂಗುತ್ತಾ. ಅವಳು ಕೊಟ್ಟ ಚೀಟಿಯಿಂದಲೇ ಆ ದಿನಗಳನ್ನು ನೇಮದೊಳಗೆ ಮುಚ್ಚಿಹಾಕಿದ್ದ. ತನ್ನ ಅಕ್ಷರ, ತನ್ನ ಸುತ್ತು, ತನ್ನ ಮೊಹರು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಕಲ್ಲುಬೆಂಚಿನ ನಗು.

ಬೀರುವಿನ ಹಿಂದಿನ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಹಳೇಬೀಡಿನ ಬಸ್ಸು ಹತ್ತಿದಾಗ ನಾಲ್ಕಾಗಿತ್ತು. ದೇವಸ್ಥಾನ ನೋಡಲು ಹೊರಟ ಯಾವುದೋ ಊರಿನ ದೊಡ್ಡ ಸಂಸಾರ ಹಿಂದಿನ ಸೀಟುಗಳನ್ನು ತುಂಬಿಕೊಂಡಿತ್ತು, ಪಕ್ಕದವಳು ಕೇಳದೆಯೇ ಮಡಿಲ ಕೂಸನ್ನು ಇವಳ ತೊಡೆಗೆ ದಾಟಿಸಿ ಚೀಲ ಹುಡುಕತೊಡಗಿದಳು. ಕೂಸು ಬೆಚ್ಚಗಿತ್ತು, ಅದರ ತಲೆಯಿಂದ ಎಣ್ಣೆ ವಾಸನೆ ಬರುತ್ತಿತ್ತು. ಪುಷ್ಪಲತಾ ಅದನ್ನು ಬೀಳದಂತೆ ಹಿಡಿದುಕೊಂಡಳಷ್ಟೆ, ಮುಖ ನೋಡಲಿಲ್ಲ. ಆ ಮಧ್ಯಾಹ್ನದ ತನ್ನ ಮಾತು ಮತ್ತೆ ಬಂತು. ಆ ಮಾತಿಗೆ ಇದು ತಕ್ಕ ಶಿಕ್ಷೆಯೇ ಅಂತ ಒಂದು ಮನಸ್ಸು ಕೇಳಿತು. ಒಂದು ಮಾತಿಗೆ ಹನ್ನೆರಡು ತಿಂಗಳೇ, ಸಾಲದೆಂದು ಇನ್ನೂ ಹನ್ನೆರಡೇ ಅಂತ ಇನ್ನೊಂದು ಮನಸ್ಸು ಕೇಳಿತು. ತನಗೆ ಮೂವತ್ತೇಳಾಗುತ್ತದೆ, ಮೂವತ್ತೆಂಟಾಗುತ್ತದೆ. ಅವನಿಗೇನು, ಅವನು ಬಡಿಸುತ್ತಿರುತ್ತಾನೆ. ಬಸ್ಸು ಇಳಿಯುವಾಗ ಕೂಸಿನ ತಾಯಿ, ನಿಮಗೆಷ್ಟು ಮಕ್ಕಳು ಅಂತ ಕೇಳಿದಳು. ಇಬ್ಬರು ಅಂದುಬಿಟ್ಟಳು.

ಚನ್ನೇಶ ಅಂಗಡಿಯಿಂದ ಆಗಲೇ ಬಂದಿದ್ದ. ನೇಮದ ದಿನಗಳಲ್ಲಿ ಬೇಗ ಬಂದು ಸ್ನಾನ ಮಾಡಿ ಪಡಸಾಲೆಯಲ್ಲಿ ಕೂರುತ್ತಾನೆ. ಸುಮಿತ್ರಮ್ಮ ಪಕ್ಕದ ಮನೆಗೆ ಹೋಗಿದ್ದರು. ನಾಳೆಯ ಮಠದ ಚೀಲ ಕಂಬಳಿಯ ಪಕ್ಕದಲ್ಲಿತ್ತು, ಅರ್ಧ ತುಂಬಿ. ಅವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬಂದು, ನಿಮಗೊಂದು ಕಾಗದ ಬಂದಿದೆ ಅಂತ ಕಾರ್ಡು ಕೊಟ್ಟಳು. ಅವನು ಓದಿದ. ತಿರುಗಿಸಿ ಮೊಹರು ನೋಡಿದ. ಅವನ ಕಿವಿ ಕೆಂಪಾಗುತ್ತ ಬಂದದ್ದನ್ನು ಅವಳು ನೋಡುತ್ತ ನಿಂತಳು. ಮದುವೆಯ ದಿನವೂ ಹೀಗೇ ಕೆಂಪಾಗಿತ್ತು.

‘ಚೀಟಿ ಇನ್ನೂ ಇದೆಯಾ, ಬಿಸಾಕಿದ್ರಾ?’

ಇದೆ ಅಂದ, ಸುಳ್ಳು ಹೇಳಲಿಲ್ಲ. ಅದೊಂದು ಅವನ ಪರವಾಗಿ ಹೇಳಬೇಕು. ತಲೆ ಬಗ್ಗಿಸಿಕೊಂಡು, ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಮಾತಾಡಿದ. ‘ಆ ಎರಡು ಅನ್ನೋ ಮೆಸೇಜು ಬಂದ್ರೆ ನನ್ನ ಕೈಕಾಲು ತಣ್ಣಗಾಗ್ತಿತ್ತು ಕಣೇ. ನೀನು ಅವತ್ತು ಗಡಿಯಾರ ನೋಡ್ದೆಯಲ್ಲ, ಅವತ್ತಿಂದ. ಮಠದಲ್ಲಿ ಯಾರೂ ನನ್ನ ಏನೂ ಕೇಳಲ್ಲ. ಅನ್ನ ಬಡಿಸು ಅಂತಾರೆ, ಬಡಿಸ್ತೀನಿ. ನಿಂಗೆ ಹೇಳಕ್ಕೆ ಬಾಯಿ ಬರ್ಲಿಲ್ಲ.’

ಅವನ ಕಣ್ಣು ತುಂಬಿತ್ತು. ಅವಳಿಗೆ ಅಯ್ಯೋ ಅನಿಸಿದ್ದು ನಿಜ, ಅದೇ ಹೊತ್ತಿಗೆ ಆ ಕಣ್ಣೀರನ್ನು ಕಂಡು ಅಸಹ್ಯವಾದದ್ದೂ ನಿಜ. ತಪ್ಪಾಯಿತು ಅಂದ. ಕಾರ್ಡು ಹರಿದ. ನೇಮ ಇವತ್ತೇ ಮುರಿಯುತ್ತೇನೆ, ನಾಳೆ ಹೋಗುವುದಿಲ್ಲ, ಅಮ್ಮನಿಗೆ ನಾನೇ ಹೇಳುತ್ತೇನೆ ಅಂದ. ಪಡಸಾಲೆಯ ಕಂಬಳಿಯನ್ನು ತಾನೇ ಸುತ್ತಿ ಮೂಲೆಗಿಟ್ಟ. ಆ ಕಂಬಳಿ ಮೂಲೆಗೆ ಹೋದದ್ದನ್ನು ಅವಳು ನೋಡಿದಳು. ಇಷ್ಟೇ ಅಲ್ಲವೇ ಅವಳು ವರ್ಷವಿಡೀ ಕೇಳಿದ್ದು. ಸಿಟ್ಟು ಆಮೇಲೆ ಇಟ್ಟುಕೊಂಡರಾಯಿತು, ಇವತ್ತು ಹೊತ್ತು ಮೀರಿಲ್ಲ, ನಾಳೆಯೂ ಇದೆ, ನಾಡಿದ್ದೂ ಬಹುಶಃ. ತನ್ನ ಚೀಲದೊಳಗಿನ ನೋಟ್‌ಬುಕ್ಕಿನ ಮೇಲೆ ಅವಳ ಕೈ ಹೋಯಿತು.

‘ಇವತ್ತು ನೋಡ್ದ್ಯಾ?’ ಅಂತ ಕೇಳಿದ ಚನ್ನೇಶ.

ಎರಡು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿದಳು. ಹಾಸನದ ಆಸ್ಪತ್ರೆಯಲ್ಲಿ ರಿಪೋರ್ಟು ಬರುವವರೆಗೆ ಕೂತವನ ಮುಖ ಅದು. ಯಾಕೆ ಹಾಗೆ ಹೇಳಿದಳೋ ಅವಳಿಗೇ ಗೊತ್ತಿಲ್ಲ, ಮೊದಲೇ ಯೋಚಿಸಿದ್ದಲ್ಲ.

‘ನೋಡ್ದೆ. ಎರಡನೇ ಗೆರೆ ಬಂದಿಲ್ಲ. ಈ ತಿಂಗಳು ಯಾಕೋ ಇಲ್ವೇ ಇಲ್ಲ.’

ಅವನು ಉಸಿರು ಬಿಟ್ಟ. ಬಿಟ್ಟದ್ದು ಅವನಿಗೆ ಗೊತ್ತಾಗಲಿಲ್ಲ. ಭುಜ ಸಡಿಲವಾಯಿತು, ಹಣೆಯ ಗೆರೆಗಳು ಹೋದವು, ಒಂದು ಗಳಿಗೆ ಅವನು ಹತ್ತು ವರ್ಷ ಚಿಕ್ಕವನಂತೆ ಕಂಡ. ಪಾಪ, ಅವನು ಅದನ್ನು ಮುಚ್ಚಿಕೊಳ್ಳಲು ಕೆಮ್ಮಿದ, ಟವೆಲಿನಿಂದ ಮುಖ ಒರೆಸಿದ, ಛೇ ಅಂದ. ಅವಳು ಕಾಯುತ್ತಿದ್ದಳು. ಮೂಲೆಯ ಕಂಬಳಿಯನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ ಅವನೇ ಕೇಳಿದ.

‘ಹಂಗಾದ್ರೆ ನಾಳೆ ಒಂದ್ಸಲ ಹೋಗಿ ಬಂದ್ಬಿಡ್ಲಾ? ಹನ್ನೆರಡೂ ಪೂರ್ತಿಯಾಗುತ್ತೆ. ಆಮೇಲೆ ಖಂಡಿತ ಹೋಗಲ್ಲ ಕಣೇ.’

‘ಹೋಗಿ ಬನ್ನಿ,’ ಅಂದಳು.

ಅವನು ಮುಖ ತೊಳೆಯಲು ಬಚ್ಚಲಿಗೆ ಹೋದ. ನೀರು ಹೊಯ್ದುಕೊಳ್ಳುವ ಸದ್ದು ಕೇಳಿತು. ಹಿತ್ತಿಲಿನ ತಂತಿಯ ಮೇಲೆ ಒಣಗಿದ್ದ ಬಿಳಿ ಪಂಚೆ ತಂದು ಪ್ರತಿ ತಿಂಗಳಿನ ಹಾಗೆ ಮಡಚಿದಳು. ವಿಭೂತಿ ಗಟ್ಟಿ, ಟವೆಲು, ಅಂಗಿ. ನೋಟ್‌ಬುಕ್ಕು ತೆಗೆದು ಇವತ್ತಿನ ಹಾಳೆ ಬಿಡಿಸಿ ನೋಡಿದಳು. ಎರಡು ಗೆರೆಯೂ ಇನ್ನೂ ಅಷ್ಟೇ ಗಾಢವಾಗಿದ್ದವು, ಪಕ್ಕದಲ್ಲಿ ಮಾದಿಹಳ್ಳಿ, ಇವತ್ತಿನ ತಾರೀಖು. ಆ ಹಾಳೆಗೆ ಗುರುತಿಗೆಂದು ಹರಿದ ಕಾರ್ಡಿನ ಚೂರೊಂದನ್ನು ಇಟ್ಟು, ಪುಸ್ತಕವನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿ ಚೀಲದ ಬಾಯಿ ಕಟ್ಟಿದಳು. ನಾಡಿದ್ದು ಬೆಳಿಗ್ಗೆ ಗದ್ದುಗೆಯ ಪೂಜೆಗೆ ಮಡಿಯುಡಲು ಬಿಚ್ಚಿದಾಗ ಅವನಿಗೆ ಸಿಗುತ್ತದೆ, ಗೆರೆ ಓದಲು ಅವನಿಗೆ ಬರುತ್ತದೆ. ಬಚ್ಚಲಿನಿಂದ ಬಂದವನಿಗೆ, ನಾಳೆ ಎಷ್ಟು ಗಂಟೆ ಬಸ್ಸು ಅಂತ ಕೇಳಿ ಸಂಜೆಯ ದೀಪ ಹಚ್ಚಲು ಒಳಗೆ ಹೋದಳು.